ಕುಂಕುಮದಡಿಯ ಗೀಟು

ಫೋಟೋ ತೊಳೆಯುವ ದ್ರಾವಣದ ಘಾಟು ಬಚ್ಚಲಮನೆ ತುಂಬ, ಕೆಂಪು ಗಾಜಿನ ಲಾಂದ್ರ, ಅದಕ್ಕೆ ರೇಷನ್ ಸೀಮೆಎಣ್ಣೆ ಬೇರೆ ದಂಡ — ಹಾಳಾದ ಈ ಫೋಟೋ ಗಾಜಿನ ಫಲಕವನ್ನು ಯಾಕೆ ತೊಳೆಯುತ್ತಿದ್ದೇನೆ, ಹಟಕ್ಕೆ, ಬರೀ ಹಟಕ್ಕೆ, ಬೇಸಿಗೆಯೆಲ್ಲ ನಂದಿಬೆಟ್ಟದ ತುದಿಯಲ್ಲಿಟ್ಟು ತಂದದ್ದು, ಆಕಾಶದಿಂದ ಸುರಿಯುವ ಕಣಗಳು ಹಾದು ಗೀಟು ಬಿಡಲಿ ಎಂದು, ಬಿಸಿಲು ಸೋಕಬಾರದಮ್ಮ ಎಂದು ಹೇಳಿ ಕಪ್ಪು ಕಾಗದ ಸುತ್ತಿ ಇಟ್ಟಿದ್ದೆ, ಅಮ್ಮ ಆಯುಧಪೂಜೆಗೆ ಅದನ್ನೇ ಬಿಚ್ಚಿ ಅಣ್ಣನ ಸೂಕ್ಷ್ಮದರ್ಶಕದ ಪಕ್ಕ ನಿಲ್ಲಿಸಿ ಕುಂಕುಮ ಒತ್ತಿದ್ದಾಳೆ, ಬಿಸ್ಲಿಗೆ ಎಲ್ಲಿಟ್ಟೆ ಕಣೇ, ದೇವ್ರ ಮನೇಲಿ ದೀಪದ ಮುಂದೆ ಇಟ್ಟೆ, ಅದು ನಿನ್ ಆಯುಧ ಅಲ್ವಾ ಅನ್ನುತ್ತಾಳೆ — ದೀಪವೂ ಬೆಳಕೇ ಅಮ್ಮ, ಅದೂ ಸುಡುತ್ತದೆ! ಅಣ್ಣ ನಗುತ್ತಾನೆ, ರೇಷ್ಮೆ ಚಿಟ್ಟೆ ಅರೆದು ರೋಗ ನೋಡುವವನು, ನನ್ ರೋಗ ಕಣ್ಣಿಗೆ ಕಾಣುತ್ತೆ ಅನುಸೂಯ, ನಿಂದೇನ್ ಕಾಣುತ್ತೆ, ಅನುಗೊಂಡನಹಳ್ಳಿ ಗಂಡಿನೋರ್ಗೆ ಬನ್ನಿ ಅಂತ ಹೇಳಿಕಳಿಸ್ಲಾ. ಮೈಯೆಲ್ಲ ಉರಿಯುತ್ತದೆ. ನಾನು ಲೆಕ್ಕ ಹಾಕುವ ಕ್ಷೇತ್ರ, ಎಲ್ಲೆಲ್ಲೂ ಹರಡಿಕೊಂಡಿರುವ ಬಲ, ಕಾಣುವುದಿಲ್ಲ ಕಣೋ, ಈ ಬಚ್ಚಲಲ್ಲೂ ಇದೆ, ನಿನ್ನ ಮೂಗಿನ ತುದಿಯಲ್ಲೂ ಇದೆ, ಸಾಕಷ್ಟು ಶಕ್ತಿ ಬಿದ್ದರೆ ಕಣವಾಗಿ ಹೊರಬೀಳುತ್ತದೆ, ಆ ಕಣವೂ ಕಾಣದು, ಓಡಿ ನಿಂತಲ್ಲೇ ಇನ್ನೊಂದು ಕಣವಾಗಿ ಹೊರಳುತ್ತದೆ, ಅದು ಬಿಟ್ಟುಹೋದ ಗೀಟು ಕಾಣುತ್ತದೆ, ಅಷ್ಟೇ. ಬೆಂಗಳೂರಲ್ಲಿ ನನ್ನ ಸಂಶೋಧನೆ ನೋಡಿಕೊಳ್ಳುವ ಮೇಷ್ಟ್ರಿಗೂ ಗೀಟೇ ಬೇಕು, ಲೆಕ್ಕ ಚೆನ್ನಾಗಿದೆಯಮ್ಮ, ಆದರೆ ಕಾಗದದ ಮೇಲಿನ ಕ್ಷೇತ್ರ ಯಾರಿಗೆ ಬೇಕು, ದಸರಾ ರಜ ಮುಗಿಯೋದ್ರೊಳಗೆ ಒಂದು ಗೀಟು ತೋರಿಸಿ, ಇಲ್ಲದಿದ್ರೆ ನಿಮ್ಮ ಜಾಗ ಇನ್ನೊಬ್ಬರಿಗೆ ಕೊಡ್ತೀನಿ.

ಕೊಡಲಿ, ಎಲ್ಲರೂ ಸೇರಿ ಕೊಡಲಿ, ನನ್ನನ್ನೂ ಕೊಡಲಿ — ಕಪ್ಪಾಗುತ್ತಿದೆ, ಅಂದುಕೊಂಡ ಹಾಗೇ, ಅಂಚಿನಿಂದ ಅಂಚಿಗೆ ಬೆಳಕು ಸುಟ್ಟ ಮಸಿ. ಉಣ್ಣಕ್ ಬಾರೇ, ಸಿಟ್ಟು ಅನ್ನದ ಮೇಲ್ಯಾಕೆ, ಅಮ್ಮ ಬಾಗಿಲು ತಟ್ಟುತ್ತಾಳೆ. ಕುಂಕುಮ ಕರಗಿ ಹೋಯಿತು, ಅದರಡಿ — ಅಲ್ಲಿ ಕಪ್ಪಿಲ್ಲ. ಹೆಬ್ಬೆರಳಗಲ ಮಾಸಲು ದುಂಡು. ಬಿಚ್ಚಿದ ಕೂಡಲೇ ಒತ್ತಿರಬೇಕು, ದಪ್ಪಗೆ, ದೀಪದ ಬೆಳಕು ಅಲ್ಲಿ ಇಳಿದೇ ಇಲ್ಲ. ಇನ್ನು ಬೆಳಕು ಸುಡದಂತೆ ಎರಡನೇ ದ್ರಾವಣದಲ್ಲೂ ಅದ್ದಿ ತೆಗೆದೆ, ಒಣಗುವವರೆಗೂ ತಾಳ್ಮೆಯಿಲ್ಲ, ಒದ್ದೆಯಲ್ಲೇ ದೇವರ ಮನೆಗೆ ಒಯ್ದು ಅಣ್ಣನ ಸೂಕ್ಷ್ಮದರ್ಶಕದಡಿ ತಳ್ಳುತ್ತೇನೆ, ಸಿಟ್ಟು, ಈಗಲೂ ಸಿಟ್ಟೇ, ಇಷ್ಟು ಜಾಗ ಮಾತ್ರ ಹೇಗೆ ಉಳಿಯಿತು ಎಂದು ಕೇಳಿದರೆ ಮೇಷ್ಟ್ರಿಗೆ ಏನು ಹೇಳಲಿ, ಅಮ್ಮ ಬೊಟ್ಟಿಟ್ಟಳು ಎನ್ನಲೇ, ತಿರುಪು ತಿರುಗಿಸು, ಇನ್ನೂ ಸ್ವಲ್ಪ, ಮಬ್ಬು, ಮಬ್ಬು — ಗೀಟು. ಸಣ್ಣ ಕರಿ ಚುಕ್ಕೆಗಳ ಗೀಟು, ಬರಬರುತ್ತ ದಪ್ಪವಾಗಿ ನಿಂತಿದೆ, ನಿಂತಲ್ಲಿಂದಲೇ ಇನ್ನೊಂದು ಹೊರಟಿದೆ, ಬೇರೆ ದಿಕ್ಕಿಗೆ, ಉಸಿರು ಬಿಡಬೇಡ, ಗೀಟು, ನಿಂತು, ಹೊರಳಿ, ಗೀಟು