ಬಿಳಿ ಬಟ್ಟೆ ಹಿಡಿದ ಬೆರಳುಗಳು

ಬೆಂಗಳೂರು ದಕ್ಷಿಣದಲ್ಲಿ ಮುಖ ಅಂತ ಒಂದಿರುವವರೆಲ್ಲ ಒಮ್ಮೆಯಾದರೂ ನನ್ನ ಸ್ಟೂಲಿನ ಮೇಲೆ ಕೂತೆದ್ದವರೇ. ಶ್ರೀನಗರದ ಗುಂಡಣ್ಣ ಸ್ಟುಡಿಯೊ ಅಂದರೆ ಸುಮ್ಮನೆ ಅಲ್ಲ. ನಾನು ತೆಗೆದ ಪಾಸ್‌ಪೋರ್ಟ್ ಫೋಟೊ ನೋಡಿ ಏರ್‌ಪೋರ್ಟಿನ ಅಧಿಕಾರಿಗಳು ಎದ್ದು ನಿಂತು ಸೆಲ್ಯೂಟ್ ಹೊಡೆದಿದ್ದಾರೆ. "ಬೆನ್ನು ನೆಟ್ಟಗೆ ಮಾಡಿ" ಎಂದು ಒಂದೇ ಮಾತು ಹೇಳಿದ್ದಕ್ಕೆ ಹನುಮಂತನಗರದ ಮೇಷ್ಟ್ರೊಬ್ಬರ ಇಪ್ಪತ್ತು ವರ್ಷದ ಸೊಂಟನೋವು ಹೋಗಿದೆ. ಬೇಕಾದರೆ ಅವರನ್ನೇ ಕೇಳಿ. ಪಾಪ, ಈಗಿಲ್ಲ.

ಇಷ್ಟೆಲ್ಲ ಕೀರ್ತಿ ಇದ್ದ ನನ್ನ ಅಂಗಡಿಯಿಂದ ಕಬ್ಬನ್ ಪಾರ್ಕ್ ಪಕ್ಕದ ಮ್ಯೂಸಿಯಂ ಗೋಡೆಗೆ ಹೋದದ್ದು ಮಾತ್ರ ಇಂದ್ರಾಣಿ ತೆಗೆದ ಫೋಟೊ.

ಇಂದ್ರಾಣಿ ಹನ್ನೊಂದು ವರ್ಷದಿಂದ ನನ್ನಲ್ಲಿ ಕೆಲಸಕ್ಕಿದ್ದಾಳೆ. ಹಾಸಿಗೆ ಬಿಟ್ಟು ಏಳಲಾಗದ ಹಿರಿಯರಿಗೂ ಬ್ಯಾಂಕಿಗೆ, ಪಿಂಚಣಿಗೆ ಫೋಟೊ ಬೇಕಲ್ಲ? ಅಂಥವರ ಮನೆಗಳಿಗೆ ಹೋಗುವುದು ಅವಳ ಕೆಲಸ. ಮನೆಯಲ್ಲಿ ಬಿಳಿ ಪರದೆ ಎಲ್ಲಿ ಬರಬೇಕು? ಮಗಳೋ ಸೊಸೆಯೋ ಗಂಡನೋ ಹಿಂದೆ ನಿಂತು ಒಂದು ಬಿಳಿ ಬೆಡ್‌ಶೀಟು ಎತ್ತಿ ಹಿಡಿಯುತ್ತಾರೆ. ಆಮೇಲೆ ಮುಖ ಉಳಿಸಿಕೊಂಡು ಮಿಕ್ಕಿದ್ದನ್ನು ಕತ್ತರಿಸುತ್ತೇವೆ.

ಇಂದ್ರಾಣಿ ಆ ಮಿಕ್ಕಿದ್ದನ್ನು ಇಟ್ಟುಕೊಂಡಿದ್ದಳು. ಬೆಡ್‌ಶೀಟಿನ ಮೇಲಂಚಿನಲ್ಲಿ ಹತ್ತು ಬೆರಳು, ಕೆಳಗೆ ಎರಡು ಪಾದ, ಪಕ್ಕದಲ್ಲಿ ಔಷಧಿ ಡಬ್ಬ, ಟಿವಿ. ಅಂಥ ಹತ್ತನ್ನು ಆರಿಸಿ, "ಹಿಡಿದವರು" ಎಂದು ಹೆಸರಿಟ್ಟು, ಮ್ಯೂಸಿಯಂನವರು ವರ್ಷಕ್ಕೊಮ್ಮೆ ಕೊಡುವ ಛಾಯಾಚಿತ್ರ ಬಹುಮಾನಕ್ಕೆ ಚಿಕ್ಕ ಪ್ರತಿಗಳನ್ನು ಕಳಿಸಿದ್ದಳು. ದೇಶದಾದ್ಯಂತ ಹತ್ತು ಲಕ್ಷ ಜನ ಕಳಿಸಿದ್ದರು. ಸರಿ, ಸಾವಿರ ಅಂತಿಟ್ಟುಕೊಳ್ಳಿ. ಕೊನೆಯ ಸುತ್ತಿಗೆ ಹನ್ನೆರಡು ಜನ ಉಳಿದರು, ಅದರಲ್ಲಿ ಇವಳೂ ಒಬ್ಬಳು. ಗುರುವಾರ ಸಂಜೆ ಐದರೊಳಗೆ ಹತ್ತೂ ಚಿತ್ರಗಳ ದೊಡ್ಡ ಪ್ರಿಂಟು ಮ್ಯೂಸಿಯಂ ಮುಟ್ಟಬೇಕು. ಮುಟ್ಟದಿದ್ದರೆ ಹೆಸರು ಹೊಡೆದುಹಾಕುತ್ತಾರೆ.

ಗುರುವಾರ ಬೆಳಿಗ್ಗೆ ಪೆನ್‌ಡ್ರೈವ್ ನನ್ನ ಕೈಗಿಟ್ಟು, "ಅಣ್ಣ, ಇದ್ದ ಹಾಗೇ ಪ್ರಿಂಟ್ ಹಾಕಿಡಿ. ಪದ್ಮನಾಭನಗರದಲ್ಲಿ ಒಂದು ಫೋಟೊ ಮುಗಿಸಿ ಬರ್ತೀನಿ" ಎಂದು ಹೋದಳು.

ಯಾವ ಚಿತ್ರ ಆರಿಸಿದ್ದಾಳೆ ಅಂತ ನಾನು ಕೇಳಿಯೇ ಇರಲಿಲ್ಲ. ತೆರೆದು ನೋಡುತ್ತೇನೆ, ಎಲ್ಲದರಲ್ಲೂ ಬೆರಳು! ಅಯ್ಯೋ, ಹುಡುಗಿ ಗಡಿಬಿಡಿಯಲ್ಲಿ ಕತ್ತರಿಸೋದೇ ಮರೆತಿದ್ದಾಳೆ ಅಂದುಕೊಂಡೆ. ನನ್ನ ಅಂಗಡಿಯಿಂದ ಹೋಗುವ ಫೋಟೊದಲ್ಲಿ ಇಂಥ ಕೊಳಕೇ? ಮೂವತ್ತೊಂದು ವರ್ಷದ ಕೈ ನೋಡಿ ಇದು, ಕಣ್ಣು ಮುಚ್ಚಿಕೊಂಡೇ ಓಡುತ್ತದೆ. ಬೆರಳು ಅಳಿಸಿದೆ, ಪಾದ ಕತ್ತರಿಸಿದೆ, ಹಿನ್ನೆಲೆಯನ್ನು ಹಾಲಿನಂತೆ ಬೆಳ್ಳಗೆ ಮಾಡಿದೆ, ಅಜ್ಜಿಯರ ಮೈಬಣ್ಣ ಒಂದು ಸುತ್ತು ಏರಿಸಿದೆ. ಸೇವ್ ಒತ್ತಿದೆ. ದೊಡ್ಡ ಪ್ರಿಂಟು ಅನ್ನೋದು ಮರೆತೇಹೋಗಿ, ಒಂದು ಹಾಳೆಗೆ ಎಂಟರಂತೆ ಪಾಸ್‌ಪೋರ್ಟ್ ಅಳತೆಯ ಪ್ರಿಂಟು ತೆಗೆದು, ಕತ್ತರಿಸಿ, ಸಣ್ಣ ಕವರಿಗೆ ಹಾಕಿದೆ. ನಮ್ಮಲ್ಲಿ ಹಾಗೇ ಕೊಡುವುದು.

ಹನ್ನೊಂದಕ್ಕೆ ಇಂದ್ರಾಣಿ ಬಂದು ಕವರು ಬಿಚ್ಚಿದಳು.

"ಅಣ್ಣ, ಬೆರಳು ಎಲ್ಲಿ?"

"ಒಂದೂ ಬಿಟ್ಟಿಲ್ಲ ಕಣಮ್ಮ. ಆ ಪುಟ್ಟೇನಹಳ್ಳಿ ಅಜ್ಜಿ ನಾರಾಯಣಮ್ಮನೋರ ಮೂಗಿನ ಪಕ್ಕದ ಮಚ್ಚೇನೂ ತೆಗೆದಿದ್ದೀನಿ."

ಅವಳು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತಳು, ಅಷ್ಟೇ. ಬೈದಿದ್ದರೆ ನಾಲ್ಕು ಮಾತು ತಿರುಗಿಸಿ ಬಚಾವಾಗುತ್ತಿದ್ದೆ. "ಆ ಬೆರಳಿಗೇ ಅಣ್ಣ ಅವರು ನನ್ನನ್ನ ಆರಿಸಿದ್ದು" ಎಂದಳು ಮೆಲ್ಲಗೆ. ನಾನು ಕಂಪ್ಯೂಟರಿನ ಮುಂದೆ ಕೂತು ಮೂಲಪ್ರತಿಗಳನ್ನು ಹುಡುಕತೊಡಗಿದೆ.

ಒಂಬತ್ತು ಚಿತ್ರಗಳ ಮೂಲಪ್ರತಿ ಕಂಪ್ಯೂಟರಿನಲ್ಲಿತ್ತು. ಹತ್ತನೆಯದು, ಪುಟ್ಟೇನಹಳ್ಳಿ ನಾರಾಯಣಮ್ಮನವರದ್ದು, ದೊಡ್ಡ ಪ್ರಿಂಟಿಗೆ ಆಗುವಂಥದ್ದು ಪೆನ್‌ಡ್ರೈವಿನಲ್ಲಿ ಮಾತ್ರ ಇತ್ತು. ಅದರ ಮೇಲೇ ನಾನು ಸೇವ್ ಒತ್ತಿದ್ದೆ. ಕ್ಯಾಮೆರಾ ಕಾರ್ಡನ್ನು ಶನಿವಾರವೇ ಖಾಲಿ ಮಾಡಿಟ್ಟ ಪುಣ್ಯಾತ್ಮನೂ ನಾನೇ.

ಇಂದ್ರಾಣಿ ಮ್ಯೂಸಿಯಂಗೆ ಫೋನ್ ಮಾಡಿ, ಅಲ್ಲಿನ ಮಧುಮತಿ ಮೇಡಂಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾನಾಗಿದ್ದರೆ ಬೆಂಕಿ ಬಿತ್ತು ಅಂತಲೋ ಭೂಕಂಪ ಆಯ್ತು ಅಂತಲೋ ಹೇಳಿರುತ್ತಿದ್ದೆ.

"ಒಂದು ಚಿತ್ರ ಬದಲಿಸಬಹುದು. ಆದರೆ ಐದಕ್ಕೆ ಬಾಗಿಲು ಹಾಕ್ತೀವಿ" ಎಂದರಂತೆ ಮೇಡಂ.

ನನ್ನ ಸ್ಕೂಟರ್ ಬನಶಂಕರಿ ಟ್ರಾಫಿಕ್ಕಿನ ಮೇಲೆ ಹಾರಿಕೊಂಡೇ ಪುಟ್ಟೇನಹಳ್ಳಿ ಸೇರಿತು.

ಕೆರೆಯ ಹಿಂದೆ ಮೂರಂತಸ್ತಿನ ಮನೆ. ಮೇಲೆಲ್ಲ ಬಾಡಿಗೆದಾರರು, ಕೆಳಗೆ ಚಿಕ್ಕಬೈರಪ್ಪ ಮತ್ತು ಸೊಂಟ ಮುರಿದು ಮಂಚ ಹಿಡಿದ ಅವರ ಹೆಂಡತಿ ನಾರಾಯಣಮ್ಮ. ನಾನು ತಲೆ ತಗ್ಗಿಸಿ ತಪ್ಪೊಪ್ಪಿಕೊಂಡೆ.

ಚಿಕ್ಕಬೈರಪ್ಪ ಕನ್ನಡಕ ಏರಿಸಿದರು. "ಅಂದ್ರೆ ನನ್ನ ಕೈ ಅಳಿಸಾಕ್ಬಿಟ್ಟೆಯೇನಯ್ಯಾ? ಈ ಕೈಯಲ್ಲಿ ಇದೇ ಜಾಗದಲ್ಲಿ ರಾಗಿ ಬೆಳೆದಿದ್ದೀನಿ. ಆರು ತಿಂಗಳಿಂದ ಇವಳನ್ನ ಎತ್ತಿ ಕೂರಿಸ್ತಿರೋದೂ ಇದೇ ಕೈ."

"ತಪ್ಪಾಯ್ತು ಯಜಮಾನ್ರೇ. ಇನ್ನೊಂದ್ಸಲ ಹಿಡೀಬೇಕು."

"ಅಳಿಸಿದೋನು ನೀನು. ಬಾ, ಆ ಕಡೆ ನೀನೂ ಹಿಡಿ."

ಮೂವತ್ತೊಂದು ವರ್ಷ ಕ್ಯಾಮೆರಾದ ಹಿಂದೆ ಮೆರೆದವನು ಬೆಡ್‌ಶೀಟಿನ ಹಿಂದೆ ನಿಂತೆ. ಐದು ನಿಮಿಷಕ್ಕೆ ತೋಳುಗಳು ಬಿದ್ದೇಹೋಗುತ್ತವೆ ಅನಿಸಿತು. ಎಂಬತ್ತರ ಮುದುಕರ ಕೈ ಅಲುಗಲಿಲ್ಲ.

"ಮೇಲೆತ್ತಯ್ಯಾ, ನಿನ್ನ ಕಡೆ ಇಳೀತಿದೆ" ಎಂದರು.

"ಯಜಮಾನ್ರೇ, ನೀವು ಎಳೀತಿದ್ದೀರಿ!"

"ಹೊಟ್ಟೆ ಒಳಗೆ ತಗೋ, ಬಟ್ಟೆ ಉಬ್ಬಿ ನನ್ನ ಹೆಂಡ್ತಿ ತಲೆಗೆ ತಾಗ್ತಿದೆ."

ಬಟ್ಟೆಯ ಮುಂದುಗಡೆಯಿಂದ ಏನೋ ಸದ್ದು ಕೇಳಿಸಿತು. ಬ್ಯಾಂಕಿನ ಫೋಟೊದಲ್ಲಿ ಹಲ್ಲು ಕಾಣಬಾರದು ಅಂತ ಹೋದ ಸಲ ತುಟಿ ಬಿಗಿದು ಕೂತಿದ್ದ ನಾರಾಯಣಮ್ಮ ನಗುತ್ತಿದ್ದರು. ಇಂದ್ರಾಣಿ ಒಂದೇ ಒಂದು ಸಲ ಒತ್ತಿದಳು. "ಇನ್ನೊಂದು ತಗೊಳಮ್ಮ" ಎಂದೆ. "ಸಾಕಣ್ಣ" ಎಂದಳು. ನಾನಾಗಿದ್ದರೆ ನಲವತ್ತು ತೆಗೆಯುತ್ತಿದ್ದೆ.

ಐದಕ್ಕೆ ಏಳು ನಿಮಿಷ ಇರುವಾಗ ಹತ್ತು ದೊಡ್ಡ ಪ್ರಿಂಟುಗಳು ಮ್ಯೂಸಿಯಂ ಒಳಗೆ ಹೋದವು.

ಬಹುಮಾನ ಇಂದ್ರಾಣಿಗೇ ಬಂತು. ವೇದಿಕೆ ಮೇಲೆ ಹಸಿರು ಸೀರೆಯುಟ್ಟು ನಿಂತಳು. ಚಪ್ಪಾಳೆಯ ಸದ್ದಿಗೆ ಕಬ್ಬನ್ ಪಾರ್ಕಿನ ಹಕ್ಕಿಗಳೆಲ್ಲ ಹಾರಿಹೋದವು. ಅವಳು ಮಾತಾಡಿದ್ದು ಎರಡೇ ವಾಕ್ಯ: "ಇವರು ಹಿಡಿದ್ರು. ನಾನು ನೋಡಿದೆ."

ಪುಟ್ಟೇನಹಳ್ಳಿಯ ಆ ಚಿತ್ರದ ಮುಂದೆ ನಾನು ಗಂಟೆಗಟ್ಟಲೆ ನಿಂತಿದ್ದೇನೆ. ಅದರ ಬಗ್ಗೆ ಒಂದಿಂಚೂ ಉಬ್ಬಿಸದೆ ಹೇಳುತ್ತೇನೆ, ಕೇಳಿ. ಹಾಸಿಗೆ ಮೇಲೆ ಒಬ್ಬರು ಮುದುಕಿ ಬಾಯಿತುಂಬ ನಗುತ್ತಿದ್ದಾರೆ. ಹಿಂದೆ ಬಿಳಿ ಬಟ್ಟೆ ಕೊಂಚ ಓರೆಯಾಗಿದೆ. ಮೇಲಂಚಿನಲ್ಲಿ ಇಪ್ಪತ್ತು ಬೆರಳು. ಮೂವತ್ತೊಂದು ವರ್ಷದಲ್ಲಿ ನಾನು ಕತ್ತರಿಸಿ ಬುಟ್ಟಿಗೆ ಹಾಕಿದ ಕೈಗಳೆಲ್ಲ ಅದನ್ನು ನೋಡಿದ ಮೇಲೆ ನೆನಪಾದವು. ಅಂಥದೊಂದು ಫೋಟೊ ನನ್ನಿಂದ ಆಗಿಲ್ಲ.

ಎಡಗಡೆಯ ಹೆಬ್ಬೆರಳು, ಫೋಟೊ ಕಟರಿಗೆ ಸಿಕ್ಕಿ ಉಗುರು ಮೊಂಡಾಗಿರುವುದು, ನನ್ನದು. ಶ್ರೀನಗರದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇನೆ. ಏರ್‌ಪೋರ್ಟಿನ ಸೆಲ್ಯೂಟನ್ನು ನಂಬಿದವರು, ಮೇಷ್ಟ್ರ ಸೊಂಟವನ್ನು ನಂಬಿದವರು, ಇದೊಂದನ್ನು ಮಾತ್ರ ನಂಬುತ್ತಿಲ್ಲ.

ಮೊನ್ನೆ ಹೂವಿನಂಗಡಿ ಕಮಲಾದೇವಿಗೆ ಬೆರಳನ್ನೇ ಎತ್ತಿ ತೋರಿಸಿದೆ.

"ಹೆಬ್ಬೆಟ್ಟು ಎಲ್ರಿಗೂ ಇರುತ್ತೆ, ಹೋಗು ಗುಂಡಣ್ಣ" ಎಂದಳು.