ರಮಾಮಣಿ ಟೀಚರ ಉಚ್ಚಾರ

ಸೇಲಂನ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷ ಫ್ರೆಂಚ್ ಕಲಿಸಿದ ರಮಾಮಣಿಗೆ ಪಾರ್ಶ್ವವಾಯು ಹೊಡೆದಾಗ ನಲವತ್ತೇಳು. ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ನೀರು ಬೇಕೆಂದರೂ ಲೋಟ ತೋರಿಸಬೇಕಿತ್ತು.

ಅವಳ ಗಂಡ ಹರಿಪ್ರಸಾದ್ ಅಂಚೆ ಕಚೇರಿಯ ಗುಮಾಸ್ತ. ಒಂದು ಭಾನುವಾರ ಅವನು ಅವಳ ಹಳೆಯ ನೋಟ್‌ಬುಕ್ ತೆಗೆದ. ಮಕ್ಕಳು ಎಡವುವ ಉದ್ದುದ್ದ ಕ್ರಿಯಾಪದಗಳನ್ನು ಅವಳು ಪೆನ್ಸಿಲ್ ಗೆರೆ ಎಳೆದು ತುಂಡು ಮಾಡಿದ್ದಳು. ಒಂದನ್ನು ಅವನು ಇಂಗ್ಲಿಷಿನಂತೆ ಓದಿದ. ರಮಾಮಣಿ ಹುಬ್ಬು ಗಂಟಿಕ್ಕಿದಳು. ಎಡಗೈಯಿಂದ ಮಂಚ ತಟ್ಟುತ್ತ, ನಿಧಾನವಾಗಿ, "ರ... ಕೊ... ಮಾಂ... ಸ... ರೋಂ" ಎಂದಳು.

ನಾಲ್ಕು ತಿಂಗಳ ಮೇಲೆ ಕೇಳಿದ ದನಿ. ಪಕ್ಕದಲ್ಲೇ ಅರ್ಥ ಬರೆದಿತ್ತು: ಮತ್ತೆ ಶುರುಮಾಡುತ್ತೇವೆ. ಅವನು ಅಡಿಗೆಮನೆಗೆ ಹೋಗಿ ಅತ್ತ.

ಡಾಕ್ಟರು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಬಾಯಿಪಾಠವಾದದ್ದು ತಾನಾಗಿ ಬರುತ್ತದೆ, ಅದು ಮಾತಲ್ಲ ಎಂದು ವಿವರಿಸಿದರು.

ಪಾಲಕೋಡ್ ಕಡೆಯ ರೈತರ ಮಗಳು ಭುವನಾ ಅದೇ ಶಾಲೆಯ ಹಾಸ್ಟೆಲಿನಲ್ಲಿದ್ದು ಹನ್ನೊಂದನೇ ತರಗತಿ ಓದುತ್ತಿದ್ದಳು. ಟೀಚರನ್ನು ನೋಡಲು ಬಂದವಳು, ಹೊಸ ಟೀಚರ ಪಾಠ ತಲೆಗೆ ಹತ್ತುವುದಿಲ್ಲವೆಂದು ಪುಸ್ತಕ ಬಿಚ್ಚಿದಳು. "ಈ ಪದ ಬಾಯಿಗೇ ಬರಾಕಿಲ್ಲ ಟೀಚರ್" ಎಂದು, ಬರೆದಿದ್ದ ಅಕ್ಷರವನ್ನೆಲ್ಲ ಬಿಡದೆ ಓದಿದಳು. ರಮಾಮಣಿ ಉಚ್ಚರಿಸಬಾರದ ಕೊನೆಯ ಮೂರಕ್ಷರವನ್ನು ಹೆಬ್ಬೆರಳಿನಿಂದ ಮುಚ್ಚಿದಳು. ಉಳಿದದ್ದನ್ನು ಮೂರು ಸಲ ತಟ್ಟಿದಳು. ಹುಡುಗಿ ತಿದ್ದಿಕೊಂಡು "ಕೊ-ಮಾಂ-ಸೆ" ಎಂದಾಗ ತಲೆದೂಗಿದಳು.

ಇದು ಬಾಯಿಪಾಠವಲ್ಲ, ಇವಳಿಗೆ ಎಲ್ಲಾ ತಿಳಿಯುತ್ತಿದೆ ಎಂದು ಹರಿಪ್ರಸಾದನಿಗೆ ಅನ್ನಿಸಿತು. ಆ ಸಂಜೆ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ, ಮದುವೆಯಾದಂದಿನಿಂದ ಅವಳು ತನ್ನನ್ನು ಕರೆಯುತ್ತಿದ್ದ ಒಂದೇ ಪದ ಬರೆದು ಗೆರೆ ಎಳೆದ: ಏ|ನೂಂ|ದ್ರೆ.

"ಇದನ್ನೊಂದು ಹೇಳು, ಸಾಕು" ಎಂದ.

ಅವಳು ಬಹಳ ಹೊತ್ತು ನೋಡಿದಳು. ಮೂರು ಸಲ ತಟ್ಟಿದಳು. ತುಟಿ ಅಲುಗಿತು, ದನಿ ಬರಲಿಲ್ಲ. ಇನ್ನೊಮ್ಮೆ ತಟ್ಟಿದಳು. ಆಮೇಲೆ ಅವನ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದಳು. ಕೇಳಬಾರದಿತ್ತು ಎನ್ನಿಸಿ ಅವನು ಹಾಳೆ ಮಡಿಸಿಟ್ಟ. ಮತ್ತೆಂದೂ ಕೇಳಲಿಲ್ಲ.

ಭುವನಾ ಪ್ರತಿ ಶನಿವಾರ ಬಂದಳು. ಮಾರ್ಚಿನಲ್ಲಿ ಎರಡನೇ ಸಲ ಪಾರ್ಶ್ವವಾಯು ಹೊಡೆದು ಮೂರೇ ದಿನಕ್ಕೆ ರಮಾಮಣಿ ತೀರಿಕೊಂಡಳು. ಹದಿಮೂರನೇ ದಿನ ಕಳೆದ ಮೇಲೆ ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಹರಿಪ್ರಸಾದ್ ಅವಳನ್ನು ಒಳಗೆ ಕೂರಿಸಿ ಕಾಫಿ ಕೊಟ್ಟ. ಓದು, ನಾನು ಕೇಳುತ್ತೇನೆ ಎಂದ. ತಪ್ಪಾದರೆ ತಿದ್ದಲು ಅವನಿಗೆ ಬರುತ್ತಿರಲಿಲ್ಲ.