ಹಗೇವಿಗಿಳಿದ ತಾಮ್ರದ ಕಂಬ

ಹುಮನಾಬಾದಿನ ಹೆದ್ದಾರಿಯಲ್ಲಿ ಲಾರಿಯೊಂದು ಬ್ರೇಕು ಹಾಕಿತೆಂದರೆ ಅತ್ತ ಚಿಟಗುಪ್ಪದ ಎಮ್ಮೆಗಳು ಹಾಲು ಇಳಿಸುವುದನ್ನು ನಿಲ್ಲಿಸಿ ಕಿವಿ ನಿಮಿರಿಸುತ್ತವೆ. ನಂಬದವರು ಹೋಗಿ ಎಮ್ಮೆಗಳನ್ನೇ ಕೇಳಬಹುದು. ಅದೇ ಹೆದ್ದಾರಿಯ ಮಗ್ಗುಲಿನ ಕಾಲೇಜಿನಲ್ಲಿ ವಿಶಾಖಾ ಭೂಮಂಡಲದ ಅತಿ ಪುಕ್ಕಲು ಯಂತ್ರವನ್ನು ಮುಂದಿಟ್ಟುಕೊಂಡು ಕೂತಿದ್ದಳು.

ನೋಡಲು ಅದು ಹೊಲಿಗೆ ಮೆಷಿನ್ನಿನಷ್ಟೇ. ತುದಿಯಲ್ಲಿ ವಜ್ರದ ಸೂಜಿ. ಸೂಜಿಯ ಕೆಳಗೆ ತಾಮ್ರದ ಕಂಬ. ಎಂಥ ಕಂಬ ಅಂತೀರಿ? ತಲೆಗೂದಲನ್ನು ಪಕ್ಕಕ್ಕೆ ನಿಲ್ಲಿಸಿದರೆ ಕಲ್ಯಾಣದ ಕೋಟೆಯ ಬುರುಜಿನ ಮಗ್ಗುಲಲ್ಲಿ ಊದಿನಕಡ್ಡಿ ಇಟ್ಟಂತೆ. ಕಡ್ಡಿಯೇ ಕಂಬ, ಬುರುಜೇ ಕೂದಲು! ತಾಮ್ರ ಮೆತ್ತನೆಯ ಲೋಹ. ಕೊಡ ಕೈಜಾರಿದರೆ ಸಾಕು, ನೆಗ್ಗುತ್ತದೆ. ಅದೇ ತಾಮ್ರ ಇಷ್ಟು ಸಣ್ಣದಾದಾಗ ಎಷ್ಟೋ ಪಟ್ಟು ಗಟ್ಟಿಯಾಗುತ್ತದೆ ಎಂದು ವಿಶಾಖಾ ತನ್ನ ಪಿಎಚ್‌ಡಿ ಪ್ರಬಂಧದಲ್ಲಿ ಬರೆದಿದ್ದಳು. ಸೂಜಿ ಒತ್ತಿದಷ್ಟೂ ಕಂಬ ತಡೆಯುವ ಬಲ ಪರದೆಯ ಮೇಲೆ ಗೆರೆಯಾಗಿ ಏರುತ್ತದೆ; ಆದರೆ ಮಾರ್ಗದರ್ಶಕರಾದ ದಿಗಂಬರ ಸರ್ ಆ ಗೆರೆಯನ್ನು ನಂಬಲಿಲ್ಲ.

“ಇದು ಕಂಬದ ತಾಕತ್ತಲ್ಲಮ್ಮ, ಲಾರೀದು. ನಿನ್ನ ಗೆರಿ ನೋಡು, ಕುಡದವ ನಡದಂಗ ನಡದದ. ನಡುಗಲಾರದ ಗೆರಿ ಒಂದರೆ ತೋರ್ಸು. ಇಲ್ಲಂದ್ರ ಈ ಅಧ್ಯಾಯ ತೆಗಿ.”

ಆ ಅಧ್ಯಾಯ ತೆಗೆದರೆ ಪ್ರಬಂಧದಲ್ಲಿ ಉಳಿಯುವುದು ರಟ್ಟು ಮತ್ತು ಕೃತಜ್ಞತೆಗಳ ಪುಟ. ಹೈದರಾಬಾದಿನಿಂದ ಎರವಲು ಬಂದ ಯಂತ್ರ ಮರುದಿನ ವಾಪಸು ಹೋಗುವುದಿತ್ತು. ತಯಾರಿಸಿಟ್ಟ ಕಂಬಗಳ ಸಾಲನ್ನೆಲ್ಲ ಹೆದ್ದಾರಿಯ ನಡುಕ ನುಂಗಿ, ಒಂದೇ ಒಂದು ಉಳಿದಿತ್ತು.

ಆಗ ಅವಳಿಗೆ ಸೋದರತ್ತೆ ಮೀರಾಬಾಯಿಯ ಹಗೇವು ನೆನಪಾಯಿತು. ಬಸವಕಲ್ಯಾಣದಾಚೆ, ಗೋರ್ಟಾ ದಾರಿಯ ಹಳ್ಳಿಯಲ್ಲಿ, ಜೋಳ ತುಂಬಿಡಲು ಹಿಂದಿನವರು ಅಂಗಳದೊಳಗೆ ತೋಡಿದ ಆಳವಾದ ಗುಂಡಿ. ಅದರೊಳಗೆ ಬೇಸಿಗೆಯೂ ಇಲ್ಲ, ಚಳಿಗಾಲವೂ ಇಲ್ಲ. ಇರುವೆ ಸೀನಿದರೆ ಗುಡುಗಿದಂತೆ ಕೇಳುವಷ್ಟು ನಿಶ್ಶಬ್ದ.

ಅತ್ತೆಯ ಊರಿನ ಹುಡುಗ ಅಕ್ರಮ್‌ನ ಮೂರು ಗಾಲಿಯ ಟಂಟಂನಲ್ಲಿ, ಹೊದೆಯುವ ಕೌದಿಗಳ ಗಂಟಿನಲ್ಲಿ, ಯಂತ್ರ ಮಹಾರಾಣಿಯಂತೆ ಪಯಣಿಸಿತು. ಆ ದಿನ ಅಕ್ರಮ್ ಗಾಡಿ ಓಡಿಸಿದ ನಿಧಾನಕ್ಕೆ ಬಸವನಹುಳುಗಳು ಹಿಂದಿನಿಂದ ಹಾರ್ನ್ ಹೊಡೆದವು.

ಮೀರಾಬಾಯಿ ಬೆಳಗ್ಗೆ ಫೋನು ಬಂದಾಗಿನಿಂದಲೇ ಹಗೇವಿನ ಬಾಯಿಯ ಕಲ್ಲು ಸರಿಸಿ, ಮೊರದಿಂದ ಗಾಳಿ ಬೀಸಿ ಬೀಸಿ ಸುಸ್ತಾಗಿದ್ದಳು. ಮೊದಲು ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಳು.

“ಮುಚ್ಚಿದ ಹಗೇವಿನ ಗಾಳಿ ಕೆಟ್ಟದ್ದು, ಮಗಳ. ನಮ್ಮ ಮಾವ ಇದರಾಗ ಇಳದು ಮೂರ್ಛಿ ಹೋಗಿದ್ದ, ಪುಣ್ಯಕ್ಕ ಉಳದ. ಕಂದೀಲ ಆರಿತಂದ್ರ ನಿನ್ನ ಪಿಎಚ್‌ಡಿ ಇಲ್ಲ, ಏನಿಲ್ಲ. ಮ್ಯಾಲ ಬಾ.”

ಕಂದೀಲು ಆರಲಿಲ್ಲ. ಯಂತ್ರ ಇಳಿಯಿತು, ಬ್ಯಾಟರಿ ಇಳಿಯಿತು, ಲ್ಯಾಪ್‌ಟಾಪ್ ಇಳಿಯಿತು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ವಿಶಾಖಾ ಇಳಿದಳು. ಸೂಜಿಯನ್ನು ಕಂಬದ ತಲೆಯ ಹತ್ತಿರ ತಂದಳು. ಪರದೆಯ ಮೇಲಿನ ಗೆರೆ ನಡುಗಲಿಲ್ಲ. ಆದರೆ ಮೆಲ್ಲಗೆ ಒಂದು ಕಡೆಗೆ ವಾಲತೊಡಗಿತು. ಏನಿದು? ಸುತ್ತ ನೋಡಿದಳು. ಮೂಲೆಯಲ್ಲಿ ಕಂದೀಲು ಬೆಚ್ಚಗೆ ಉರಿಯುತ್ತಿತ್ತು. ಅದರ ಕಾವಿಗೆ ಲೋಹವೆಲ್ಲ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತಿತ್ತು.

“ಅತ್ತಿ, ಕಂದೀಲ ಮ್ಯಾಲ ತಗೋ. ಅದರ ಝಳಕ್ಕ ಗೆರಿ ಸರೀಲಾಕತ್ತದ.”

“ಹುಚ್ಚಿ ಅದಿ ಏನು? ಕಂದೀಲ ಇಲ್ದ ನೀ ಜೀವಂತ ಅದಿಯೋ ಇಲ್ಲೋ ಹ್ಯಾಂಗ ತಿಳೀಬೇಕು? ಹಾಂಗಿದ್ರ ಮಾತಾಡಕೋತ ಇರು.”

“ಮಾತಾಡಿದ್ರ ಸೂಜಿ ಕುಣೀತದ, ಅತ್ತಿ.”

“ನಿನ್ನ ಸೂಜಿಗಿಂತ ನನ್ನ ಜಗಳಗಂಟಿ ಸೊಸಿ ಛಲೋ,” ಎಂದು ಮೀರಾಬಾಯಿ ಹಣೆ ಚಚ್ಚಿಕೊಂಡಳು. ಕೊನೆಗೆ ಒಂದು ಒಪ್ಪಂದವಾಯಿತು. ಅಂಗಳದ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಒಂದು ರೊಟ್ಟಿ ಹಾಕುವುದು. ರೊಟ್ಟಿ ಬೇಯುವುದರೊಳಗೆ ವಿಶಾಖಾ ಹಗ್ಗವನ್ನು ಒಂದು ಸಲ ಜಗ್ಗಬೇಕು. ಜಗ್ಗದಿದ್ದರೆ ಮೀರಾಬಾಯಿ, ಅಕ್ರಮ್ ಇಬ್ಬರೂ ಕೂಡಿ ಅವಳನ್ನು ಎಳೆದೇ ಎಳೆಯುತ್ತಾರೆ.

“ರೊಟ್ಟಿ ಮೊದಲ ಬಡಕೊಂಡುಬಿಡು, ಅತ್ತಿ. ಬಡಿಯೋದು ಶುರು ಆದ್ರ ಇಲ್ಲಿ ಭೂಕಂಪ ಆಗ್ತದ.”

ರೊಟ್ಟಿ ಬಡಿದು ಮುಗಿಯಿತು. ಕಂದೀಲು ಮೇಲೆ ಹೋಯಿತು. ಹುಟ್ಟಿದಾಗಿನಿಂದ ಬಾಯಿ ಮುಚ್ಚದ, ನಿದ್ದೆಯಲ್ಲೂ ಪಕ್ಕದೂರಿನವರ ಜೊತೆ ಜಗಳವಾಡುವ ಮೀರಾಬಾಯಿ ತುಟಿ ಬಿಗಿದು ಕೂತಳು. ಇಡೀ ತಾಲೂಕು ಏನಾಯಿತೋ ಎಂದು ಬೆಚ್ಚಿತು.

ಕತ್ತಲಲ್ಲಿ ಪರದೆಯದೊಂದೇ ಬೆಳಕು. ಸೂಜಿ ಕಂಬವನ್ನು ಮುಟ್ಟಿ ಒತ್ತತೊಡಗಿತು. ಗೆರೆ ನೆಟ್ಟಗೆ ಏರಿತು. ವಿಶಾಖಾ ಗೋಡೆಗೆ ಬೆನ್ನು ಹಚ್ಚಿ ಉಸಿರನ್ನು ಚೂರುಚೂರಾಗಿ ಬಿಟ್ಟಳು. ಮೆತ್ತನೆಯ ತಾಮ್ರ ಸೋಲಬೇಕಾದ ಜಾಗವನ್ನು ಗೆರೆ ದಾಟಿತು. ಕಂಬ ಬಾಗಲಿಲ್ಲ. ಇನ್ನೂ ಏರಿತು.

ಮೇಲಿನಿಂದ ರೊಟ್ಟಿಯ ಘಮ ಇಳಿಯಿತು. ಹಗ್ಗ ಜಗ್ಗುವ ಹೊತ್ತು. ಅವಳ ಕೈ ಅರ್ಧ ಎದ್ದಿತು. ಗೆರೆಯ ಮೇಲೊಂದು ಸಣ್ಣ ನಡುಕ ಮೂಡಿತು. ಕೈ ಅಲ್ಲೇ ನಿಂತಿತು.

ಜಗ್ಗಿದರೆ ಗೆರೆ ಕೆಡುತ್ತದೆ. ಜಗ್ಗದಿದ್ದರೆ ಮೇಲಿನವರು ಎಳೆಯುತ್ತಾರೆ, ಆಗಲೂ ಕೆಡುತ್ತದೆ. ತಲೆ ಭಾರವಾದಂತೆನಿಸಿತು. ಇದು ಹೆದರಿಕೆಯೋ, ಅತ್ತೆಯ ಮಾವನನ್ನು ಕೆಡವಿದ ಗಾಳಿಯೋ? ಹೇಳಲು ಕಂದೀಲು ಇರಲಿಲ್ಲ.

ಘಮ ತಿರುಗಿ ಕಮಟಾಯಿತು. ರೊಟ್ಟಿ ಸೀಯುತ್ತಿತ್ತು! ಹತ್ತು ಹಳ್ಳಿಗೆ ರೊಟ್ಟಿ ಕಲಿಸಿದವಳು, ಒಂದು ಕಪ್ಪು ಚುಕ್ಕೆ ಬಿದ್ದರೂ ತವೆಗೆ ಬೈಯುವವಳು, ಮೇಲೆ ಹಗ್ಗ ಹಿಡಿದು ಕೂತು ರೊಟ್ಟಿ ಸೀಯಲು ಬಿಡುತ್ತಿದ್ದಳು. ಎಳೆಯುತ್ತಿರಲಿಲ್ಲ. ಕಾಯುತ್ತಿದ್ದಳು.

ಇನ್ನೂ ಜರಾ ತಡಿ, ಅತ್ತಿ. ಜರಾ. ವಿಶಾಖಾ ತುಟಿಯೊಳಗೇ ಅಂದಳು.

ಗೆರೆ ಥಟ್ಟನೆ ಮುರಿದು ಬಿತ್ತು. ಕಂಬ ಕೊನೆಗೂ ಸೋತು ಜಾರಿತ್ತು, ಆದರೆ ಗೆರೆಯ ಎಂಥ ಎತ್ತರದಲ್ಲಿ! ಅವಳು “ಹಾ” ಎನ್ನುವಷ್ಟರಲ್ಲಿ ಸೊಂಟದ ಹಗ್ಗ ಬಿಗಿಯಿತು, ಮೊಳಕಾಲು ಯಂತ್ರಕ್ಕೆ ಬಡಿಯಿತು, ಪರದೆಯ ಗೆರೆ ಆಕಾಶಕ್ಕೆ ಹಾರಿತು. ಕುಂಬಳಕಾಯಿ ಎಳೆದಂತೆ ಎಳೆದು ಅವಳನ್ನು ಅಂಗಳಕ್ಕೆ ಹಾಕಿದರು.

ಮೀರಾಬಾಯಿ ಅವಳ ಕೆನ್ನೆಗೆ ಒಂದು ಬಿಗಿದು, ಆಮೇಲೆ ಅದೇ ಕೆನ್ನೆ ಹಿಡಿದು ಅತ್ತಳು. “ಯಾಕ ಜಗ್ಗಲಿಲ್ಲ, ಹುಚ್ಚಿ? ಯಾಕ?”

“ಆತ್ಯಾ, ರೊಟ್ಟಿ ಕಲ್ಲಿದ್ದಲಾಗ್ಯಾದ,” ಎಂದ ಅಕ್ರಮ್. ಅವನಿಗೂ ಒಂದು ಬಿತ್ತು.

ಸಂಜೆ ಹುಮನಾಬಾದಿನಲ್ಲಿ ದಿಗಂಬರ ಸರ್ ಕನ್ನಡಕ ಒರೆಸಿ ಒರೆಸಿ ಗೆರೆ ನೋಡಿದರು. ಹೊರಗೆ ಲಾರಿಗಳು ಕಿಟಕಿ ಅಲ್ಲಾಡಿಸುತ್ತಿದ್ದವು. ಕಂಬ ಜಾರಿದ ಜಾಗಕ್ಕೆ ಬೆರಳಿಟ್ಟರು.

“ಲಾರಿ ಇಲ್ಲ ಇದರಾಗ,” ಎಂದರು. “ಅಧ್ಯಾಯ ಇರ್ಲಿ.” ಆಮೇಲೆ ಗೆರೆಯ ಕೊನೆಗೆ ಬೆರಳು ಸರಿಸಿದರು. “ಜಾರಿದ ಮ್ಯಾಲ ಇದೇನು ಇಷ್ಟು ಎತ್ತರ? ಯಾವ ಲೋಹಕ್ಕ ಇಷ್ಟು ತಾಕತ್ತದ?”

“ಅದು ನಮ್ಮ ಅತ್ತಿ ಇದ್ದಾರ್ರಿ, ಸರ್,” ಎಂದಳು ವಿಶಾಖಾ.